ಅಲಗು ದಾಟುವಷ್ಟು ಹೊತ್ತು

ಮಾರ್ಚ್ 3
ತಮ್ಮನ ಧ್ವನಿ ಸಂದೇಶ

ಅಕ್ಕಾ, ನಾನು ಕಣೇ. ಇದು ಎಷ್ಟು ಉದ್ದ ಇದೆ ಅಂತ ನಿನ್ನ ಫೋನು ತೋರಿಸ್ತಿರತ್ತೆ, ನೋಡಿ ಹೆದರಬೇಡ, ಅರ್ಧ ಬರೀ ನಾನು ಉಸಿರು ಬಿಡೋದೇ. ಆದ್ರೆ ಪುಣ್ಯಾತ್ಗಿತ್ತಿ, ಸ್ಟಾಫ್ ರೂಮಲ್ಲಿ ಮಾತ್ರ ಸ್ಪೀಕರಿಗೆ ಹಾಕಬೇಡ. ಹೋದ ಸಲ ಬಿಳಿ ಬನಿಯನ್ ಜೊತೆ ಕೆಂಪು ಟವೆಲ್ ಒಗೆದು ಎಲ್ಲಾ ಗುಲಾಬಿ ಮಾಡ್ಕೊಂಡೆ ಅಂದಿದ್ದೆನಲ್ಲ, ಆ ಕಥೆ ನಿಮ್ಮ ಡ್ರಿಲ್ ಮೇಷ್ಟ್ರಿಗೆ ಬಾಯಿಪಾಠ ಆಗಿದೆಯಂತೆ. ಅಮ್ಮ ಹೇಳಿದ್ಲು.

ರೂಮಲ್ಲಿ ಇನ್ನಿಬ್ಬರು ಮಲಗಿದಾರೆ. ನಾನು ಅಡುಗೆಮನೇಲಿ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತಿದೀನಿ, ಬೆಚ್ಚಗಿರತ್ತೆ. ನಡುವೆ ಗುರ್ ಅಂತ ಸದ್ದು ಬಂದ್ರೆ ಅದು ಫ್ರಿಜ್ಜು, ನನ್ನ ಹೊಟ್ಟೆ ಅಲ್ಲ.

ವಿಷಯ ಏನಪ್ಪಾ ಅಂದ್ರೆ, ನಂಗೆ ಬಡ್ತಿ. ಸಂಬಳ ಅದೇ, ಕೆಲಸ ಬೇರೆ. ಇಷ್ಟು ದಿನ ಮ್ಯೂಸಿಯಮ್ಮಿನ ವರ್ಕ್‌ಶಾಪಲ್ಲಿ ಹಳೇ ವಿಮಾನಗಳ ತುಕ್ಕು ಉಜ್ಜಿದ್ದೇ ಉಜ್ಜಿದ್ದು. ಇವತ್ತು ಮೇಸ್ತ್ರಿ ಬಂದು ನನ್ನ ಭುಜ ಹಿಡ್ಕೊಂಡು ಹೋಗಿ ನೂರು ವರ್ಷದ ಹಿಂದಿನ ಒಂದು ಫೈಟರ್ ವಿಮಾನದ ಮುಂದೆ ನಿಲ್ಲಿಸಿದ. ಮೇಸ್ತ್ರಿ ಅಂತ ನಾನಿಟ್ಟ ಹೆಸರು, ಅವನಿಗೆ ಗೊತ್ತಿಲ್ಲ. ಒಬ್ಬನೇ ಕೂರೋ ವಿಮಾನ, ಮುಂದೆ ಎರಡು ಬ್ಲೇಡಿನ ಮರದ ಪ್ರೊಪೆಲ್ಲರ್. ಅದರ ಮೂಗಿನ ಮೇಲೆ, ಓಡಿಸೋನ ಕಣ್ಣಿನ ನೇರಕ್ಕೆ, ಒಂದು ಮಷೀನ್ ಗನ್. ಅದನ್ನ ಬಿಚ್ಚಿ ತೊಳೆದು, ಹ್ಯಾಗೆ ಕೆಲಸ ಮಾಡ್ತಿತ್ತು ಅಂತ ನೋಡೋಕೆ ಬಂದ ಜನಕ್ಕೆ ತೋರಿಸೋ ಹಾಗೆ ಜೋಡಿಸಬೇಕು. ಅಮ್ಮನಿಗೆ ಹೇಳು, ಗನ್ನು ಸತ್ತಿದೆ, ನಳಿಗೆಗೆ ಸೀಸ ಸುರಿದು ಮುಚ್ಚಿದಾರೆ, ಅವಳ ಮಗ ಯಾವ ಯುದ್ಧಕ್ಕೂ ಹೋಗ್ತಿಲ್ಲ.

ಈ ಪರದೇಶದಲ್ಲೂ ಎಲ್ಲರಿಗೂ ನಾನಂದ್ರೆ ಪ್ರಾಣ ಕಣೇ. ಟೀ ಹೊತ್ತಲ್ಲಿ ನಾನು ಒಂದು ಮಾತು ಬಿಟ್ಟೆ ಅಂದ್ರೆ ಮೇಸ್ತ್ರಿ ಹೊಟ್ಟೆ ಹಿಡ್ಕೊಂಡು ನಗ್ತಾನೆ.

ಸರಿ, ನೀನು ಮಾಮೂಲಿನಂತೆ ಫೋನಲ್ಲೇ ಪತ್ರ ಟೈಪ್ ಮಾಡಿ ಕಳಿಸು. ಫೋನ್ ಮಾಡು ಅಂತ ನಾನು ಕೇಳಲ್ಲ.


ಮಾರ್ಚ್ 9
ಅಕ್ಕನ ಪತ್ರ

ಪ್ರೀತಿಯ ಪಟಾಕಿಗೆ,

ಬಡ್ತಿಯ ಸುದ್ದಿ ಅಮ್ಮನಿಗೆ ಹೇಳಿದೆ. "ಸಂಬಳ ಇಲ್ಲದ ಬಡ್ತಿ ನಮ್ಮ ವಂಶಕ್ಕೇ ಅಂಟಿದ್ದು" ಎಂದಳು. ಆಮೇಲೆ ಪಕ್ಕದ ಮನೆಗೆ ಹೋಗಿ, ಮಗ ವಿಮಾನ ರಿಪೇರಿ ಮಾಡುತ್ತಾನೆ ಎಂದು ಹೇಳಿ ಬಂದಳು. ರಿಪೇರಿಯಾದ ವಿಮಾನ ಹಾರುವುದಿಲ್ಲ ಎಂಬ ಮಾತನ್ನು ಅಲ್ಲಿ ಹೇಳದೆ ಬಿಟ್ಟಿರುತ್ತಾಳೆ.

ನಾನೂ ನನ್ನ ತರಗತಿಯಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಕಪ್ಪುಹಲಗೆಯ ಮೇಲೆ ನಿನ್ನ ವಿಮಾನದ ಚಿತ್ರ ಬರೆದೆ. ಮುಂದಿನ ಎರಡು ಹಲ್ಲು ಬಿದ್ದಿರುವ ಹುಡುಗಿಯೊಬ್ಬಳಿದ್ದಾಳೆ, ನಾವೆಲ್ಲ ಕಿಟಕಿ ಎಂದೇ ಕರೆಯುವುದು. ಅವಳು ಎದ್ದು ನಿಂತು ಕೇಳಿದಳು: "ಮಿಸ್, ಮೂಗಿನ ಮೇಲೆ ಗನ್ ಇಟ್ರೆ ಎದುರಿಗೆ ತಿರುಗ್ತಿರೋ ಫ್ಯಾನಿಗೇ ಗುಂಡು ತಗಲಲ್ವಾ? ಅವರದ್ದು ಅವರಿಗೇ ಮುರಿದು ಹೋಗಲ್ವಾ?"

ನಾಳೆ ಹೇಳುತ್ತೇನೆ ಎಂದು ಹಲಗೆಯ ಮೇಲೆ ಬರೆದೆ. ಹೇಗೂ ನಾನು ಹೇಳುವುದಕ್ಕಿಂತ ಬರೆಯುವುದೇ ಹೆಚ್ಚು, ನಿನಗೆ ಗೊತ್ತಲ್ಲ. ತಿಳಿದರೆ ತಿಳಿಸು.

ಇನ್ನೊಂದು ಸುದ್ದಿ. ಏಪ್ರಿಲ್‌ನಲ್ಲಿ ನನ್ನ ಪಾಠ ನೋಡಲು ಶಿಕ್ಷಣ ಇಲಾಖೆಯಿಂದ ಒಬ್ಬರು ಬರುತ್ತಾರೆ. ಅವರು ಒಪ್ಪಿದರೆ ಕೆಲಸ ಖಾಯಂ. ಒಪ್ಪದಿದ್ದರೆ ಈ ವರ್ಷಕ್ಕೇ ಮುಗಿಯಿತು. ನೀನು ತಲೆ ಕೆಡಿಸಿಕೊಳ್ಳಬೇಡ.

ಅಕ್ಕ


ಮಾರ್ಚ್ 12
ತಮ್ಮನ ಧ್ವನಿ ಸಂದೇಶ

ಕಿಟಕಿಗೆ ನನ್ನ ಕಡೆಯಿಂದ ಒಂದು ಸಲಾಂ. ನಾನು ಹತ್ತು ದಿನದಿಂದ ಆ ಗನ್ನಿನ ಎದುರೇ ನಿಂತಿದೀನಿ, ಆ ಪ್ರಶ್ನೆ ನನ್ನ ತಲೆಗೇ ಹೊಳೀಲಿಲ್ಲ. ಮೇಸ್ತ್ರಿ ಚಿತ್ರ ಬರೆದು ತೋರಿಸಿದ. ಕೇಳು.

ಮೊದಮೊದಲು ಒಬ್ಬ ಪುಣ್ಯಾತ್ಮ ಏನು ಮಾಡಿದನಂತೆ? ಗುಂಡು ತಗಲೋ ಜಾಗದಲ್ಲಿ ಬ್ಲೇಡಿಗೆ ಉಕ್ಕಿನ ತಗಡು ಬಡಿದನಂತೆ. ತಗಲಿದ್ರೆ ತಗಲ್ಲಿ, ಜಾರಿ ಆಚೆ ಹೋಗ್ಲಿ ಅಂತ. ಜಾರಿದ್ದು ಯಾವ ದಿಕ್ಕಿಗೆ ಹೋಗತ್ತೆ ಅಂತ ಕೇಳೋರು ಯಾರು? ತಿರುಗಿ ಓಡಿಸೋನ ಮೂತಿಗೇ ಬರಬಹುದು.

ನಿಜವಾದ ಬುದ್ಧಿ ಆಮೇಲೆ ಬಂತು. ಪ್ರೊಪೆಲ್ಲರ್ ತಿರುಗಿಸೋ ಎಂಜಿನ್ನೇ ಒಂದು ಸಣ್ಣ ಚಕ್ರಾನೂ ತಿರುಗಿಸತ್ತೆ. ಆ ಚಕ್ರದ ಅಂಚಲ್ಲಿ ಒಂದು ಉಬ್ಬು. ಕ್ಯಾಮ್ ಅಂತಾರೆ ಅದಕ್ಕೆ. ಉಬ್ಬು ಸುತ್ತಿ ಬಂದಾಗಲೆಲ್ಲ ಒಂದು ಉದ್ದನೆ ಕಡ್ಡಿಯನ್ನ ತಳ್ಳತ್ತೆ, ಆ ಕಡ್ಡಿ ಹೋಗಿ ಗನ್ನಿನ ಟ್ರಿಗರ್ ಮೀಟತ್ತೆ. ಬ್ಲೇಡು ನಳಿಗೆ ಎದುರಿಂದ ಸರಿದ ತಕ್ಷಣಾನೇ ಮೀಟೋ ಹಾಗೆ ಉಬ್ಬನ್ನ ಕೂರಿಸಿರ್ತಾರೆ. ಪ್ರೊಪೆಲ್ಲರ್ ಎಷ್ಟೇ ಜೋರಾಗಿ ತಿರುಗಲಿ, ಉಬ್ಬೂ ಅದರ ಜೊತೆಗೇ ಬರತ್ತಲ್ಲ.

ಈಗ ಮಜಾ ಕೇಳು. ಪೈಲಟ್ ಹಿಡಿ ಒತ್ತಿದಾಗ ಗುಂಡು ಹಾರಲ್ಲ! ನಾನೂ ಅದೇ ಅಂದ್ಕೊಂಡಿದ್ದೆ, ಅವನೇ ಹೊಡೀತಾನೆ, ಬ್ಲೇಡು ಅಡ್ಡ ಬಂದ್ರೆ ಯಂತ್ರ ತಡೆಯತ್ತೆ ಅಂತ. ಉಲ್ಟಾ. ಹಿಡಿ ಒತ್ತಿದ್ರೆ ಆ ಕಡ್ಡಿ ಗನ್ನಿಗೆ ಜೋಡಣೆ ಆಗತ್ತೆ, ಅಷ್ಟೇ. "ಹೂಂ, ನಂದೇನೂ ಅಡ್ಡಿ ಇಲ್ಲ, ನಿನಗೆ ಸಂದು ಸಿಕ್ಕಾಗ ಹೊಡಿ" ಅಂದ ಹಾಗೆ. ಹೊಡೆಯೋದು ಎಂಜಿನ್ನು. ಪ್ರತಿ ಸಂದಿಗೂ ಒಂದು ಗುಂಡು ಅಂತಾನೂ ಇಲ್ಲ. ಗನ್ನಿಗೆ ಮುಂದಿನ ತೋಟಾ ಒಳಗೆ ತಗೊಳ್ಳೋಕೆ ಹೊತ್ತು ಬೇಕಲ್ಲ. ತಯಾರಾಗಿ ಕಾಯತ್ತೆ, ಮುಂದಿನ ಸಲ ಉಬ್ಬು ಬಂದು ಮೀಟಿದಾಗ ಹೊಡೆಯತ್ತೆ. ನಡುವೆ ಬ್ಲೇಡು ಎಷ್ಟೋ ಸಲ ಹೋಗಿ ಬಂದಿರತ್ತೆ.

ಅಷ್ಟೆಲ್ಲ ಒದ್ದಾಡೋ ಬದಲು ರೆಕ್ಕೆ ಮೇಲೆ ಇಡಬಹುದಿತ್ತಲ್ಲ ಅಂತ ಕಿಟಕಿ ಕೇಳೇ ಕೇಳ್ತಾಳೆ. ಹೇಳು: ಮೂಗಿನ ಮೇಲೆ ಇದ್ರೆ ಬೇರೆ ಗುರಿ ಹಿಡಿಯೋದೇ ಬೇಡ, ವಿಮಾನದ ಮೂತಿಯನ್ನೇ ತಿರುಗಿಸಿದ್ರೆ ಆಯ್ತು. ತೋಟಾ ಸಿಕ್ಕಿಹಾಕಿಕೊಂಡ್ರೆ ಕೈಚಾಚಿ ಬಿಡಿಸಬಹುದು. ಆ ಕಾಲದ ರೆಕ್ಕೆ ಬಟ್ಟೆ ಸುತ್ತಿದ ಮರ, ಗನ್ನಿನ ಅದುರು ತಡ್ಕೊಳ್ಳೋ ಶಕ್ತಿ ಎಲ್ಲಿಂದ ಬರಬೇಕು?

ಮತ್ತೆ ಆ ಇಲಾಖೆಯೋರ ವಿಷಯ. ತಲೆ ಕೆಡಿಸಿಕೊಳ್ಳಬೇಡ ಅಂತ ಬರೆದಿದೀಯಲ್ಲ, ಅಂದ್ರೆ ನಿಂಗೆ ಕೆಟ್ಟಿದೆ. ನಾನಿದೀನಿ, ಏನಾದ್ರೂ ಮಾಡೋಣ.


ಮಾರ್ಚ್ 20
ಅಕ್ಕನ ಪತ್ರ

ಪ್ರೀತಿಯ ಪಟಾಕಿಗೆ,

ನಿನ್ನ ಸಂದೇಶವನ್ನು ಮೂರು ಸಲ ಕೇಳಿದೆ. ಇಲಾಖೆಯವರು ಬರುವ ದಿನ ಇದನ್ನೇ ಪಾಠ ಮಾಡುತ್ತೇನೆ. ಗನ್ನಿನ ಪಾಠವಲ್ಲ, ಸುತ್ತುವ ವಸ್ತು, ವೇಗ, ಹೊತ್ತು, ಇವುಗಳ ಪಾಠ. ಮುಖ್ಯೋಪಾಧ್ಯಾಯಿನಿ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಒಪ್ಪಿದರು.

ನಮ್ಮ ಮನೆಯ ಮುಂದಿನ ಅಂಗಳ ನೆನಪಾಯಿತು. ಒಂದು ತುದಿಯನ್ನು ಗೇಟಿಗೆ ಕಟ್ಟಿ ನಾನು ಹಗ್ಗ ತಿರುಗಿಸುತ್ತಿದ್ದೆ, ನೀನು ಓಡಿ ಬಂದು ಒಳಗೆ ನುಗ್ಗಿ ಜಿಗಿಯಬೇಕು. ಹಗ್ಗ ಮೇಲೆ ಹೋಗುವ ತನಕ ನಿಲ್ಲಲು ನಿನಗೆ ಆಗುತ್ತಿರಲಿಲ್ಲ. ಪ್ರತಿ ಸಲವೂ ಮೊದಲೇ ನುಗ್ಗಿ ಮೀನಖಂಡಕ್ಕೆ ಬಾಸುಂಡೆ ಬರಿಸಿಕೊಂಡು, "ಅಕ್ಕ ಬೇಕೂಂತ ಹೊಡೆದ್ಲು" ಎಂದು ಅಮ್ಮನಿಗೆ ದೂರು ಕೊಡುತ್ತಿದ್ದೆ.

ಒಂದು ಅನುಮಾನ. ಟ್ರಿಗರ್ ಮೀಟಿದ ಕ್ಷಣಕ್ಕೂ ಗುಂಡು ಅಲಗಿನ ಜಾಗಕ್ಕೆ ಬಂದು ಮುಟ್ಟುವುದಕ್ಕೂ ನಡುವೆ ಸ್ವಲ್ಪವಾದರೂ ಹೊತ್ತು ಇರಬೇಕಲ್ಲವೇ? ಅಷ್ಟರಲ್ಲಿ ಅಲಗು ಇನ್ನಷ್ಟು ತಿರುಗಿರುತ್ತದೆ. ಅದಕ್ಕೆ ಏನು ಮಾಡುತ್ತಿದ್ದರು? ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದುದು ಹೇಗೆ?

ಅಕ್ಕ


ಮಾರ್ಚ್ 24
ತಮ್ಮನ ಧ್ವನಿ ಸಂದೇಶ

ಬೇಕೂಂತಾನೇ ಹೊಡೀತಿದ್ದೆ ನೀನು, ಈಗಲೂ ಒಪ್ಪಲ್ಲ ನೋಡು.

ಅಲಗು ಅಂತೆ, ಅಲಗು! ಬ್ಲೇಡು ಅಂದ್ರೆ ಏನಾಗತ್ತೆ ನಿಂಗೆ? ಯಾವಾಗಲೂ ಪುಸ್ತಕದ ಭಾಷೆ. ಆದ್ರೆ ಅನುಮಾನ ಮಾತ್ರ ಸರಿಯಾಗಿದೆ. ಆ ಹೊತ್ತನ್ನ ಮೊದಲೇ ಲೆಕ್ಕಕ್ಕೆ ಹಿಡಿದು, ಉಬ್ಬನ್ನ ಸ್ವಲ್ಪ ಮುಂಚೆ ಮೀಟೋ ಹಾಗೆ ಕೂರಿಸ್ತಿದ್ರು. ಪರೀಕ್ಷೆಗೆ ಪ್ರೊಪೆಲ್ಲರಿಗೆ ಒಂದು ದುಂಡನೆ ಪ್ಲೈವುಡ್ ತಟ್ಟೆ ಕಟ್ಟೋದು, ತಿರುಗಿಸೋದು, ಗುಂಡು ಹಾರಿಸೋದು. ನಿಲ್ಲಿಸಿ ನೋಡಿದ್ರೆ ತಟ್ಟೆ ಮೇಲೆ ತೂತುಗಳು. ಎಲ್ಲಾ ತೂತು ಬ್ಲೇಡಿಂದ ದೂರ ಒಂದೇ ಕಡೆ ಗುಂಪಾಗಿದ್ರೆ ಸರಿ. ನಿಧಾನ ತಿರುಗಿಸಿದ್ರೆ ಗುಂಪು ಒಂದು ಕಡೆ, ಜೋರಾಗಿ ತಿರುಗಿಸಿದ್ರೆ ಸ್ವಲ್ಪ ಸರಿದಿರತ್ತೆ.

ಅದಕ್ಕಿಂತ ದೊಡ್ಡ ಕಾಟ ಯಾವುದು ಗೊತ್ತಾ? ತಡವಾಗಿ ಹೊತ್ತಿಕೊಳ್ಳೋ ತೋಟಾ. ಯಂತ್ರ ಸರಿಯಾಗೇ ಮೀಟಿರತ್ತೆ, ಆದ್ರೆ ಒಳಗಿನ ಮದ್ದು ಹಳೇದಾಗಿ ತಡವಾಗಿ ಹೊತ್ತಿಕೊಳ್ಳತ್ತೆ. ಕಣ್ಣು ಮಿಟುಕಿಸೋಷ್ಟೂ ಹೊತ್ತಲ್ಲ, ಆದ್ರೂ ತಡ. ಅಷ್ಟು ತಡ ಸಾಕು, ಸೀದಾ ಬ್ಲೇಡಿಗೆ. ಅದಕ್ಕೇ ಈ ಗನ್ನಿಗೆ ಅಂತಾನೇ ಒಳ್ಳೇ ತೋಟಾ ಆರಿಸಿ ಇಡ್ತಿದ್ರಂತೆ.

ನಮ್ಮ ಮ್ಯೂಸಿಯಮ್ಮಲ್ಲಿ ಗುಂಡಿನ ಬದಲು ಲೈಟು. ಕಡ್ಡಿ ಮೀಟಿದಾಗ ಗನ್ನಿನ ಪಕ್ಕದ ಒಂದು ಲ್ಯಾಂಪು ಪಳ್ ಅಂತ ಮಿಂಚಬೇಕು, ಬೆಳಕು ಬ್ಲೇಡಿನ ಸಂದಿಂದ ಹಾಯ್ದು ಎದುರು ಗೋಡೆಗೆ ಬೀಳಬೇಕು. ಸದ್ಯಕ್ಕೆ ಬ್ಲೇಡಿಗೇ ಬೀಳ್ತಿದೆ. ಮೇಸ್ತ್ರಿ ತಲೆ ಚಚ್ಚಿಕೊಳ್ತಿದಾನೆ. ಯಾಕೆ ಅಂತ ನಂಗೇನೋ ಒಂದು ಅಂದಾಜಿದೆ, ಇರಲಿ ಬಿಡು.

ನಿನ್ನ ಪಾಠದ ಬಗ್ಗೆ ನಂಗೊಂದು ಭಾರೀ ಐಡಿಯಾ ಬಂದಿದೆ. ಈಗ ಹೇಳಲ್ಲ.


ಮಾರ್ಚ್ 29
ತಮ್ಮನ ಧ್ವನಿ ಸಂದೇಶ

ಅಕ್ಕಾ, ಇದರ ಹಿಂದೇನೇ ಇನ್ನೊಂದು ಕಳಿಸ್ತಿದೀನಿ, ಅದೇ ಐಡಿಯಾ. ಇಡೀ ಪಾಠ! ಎಷ್ಟು ಸಲ ಅಳಿಸಿ ಅಳಿಸಿ ಹೇಳಿದೀನೋ, ಫ್ರಿಜ್ಜನ್ನೂ ಆಫ್ ಮಾಡಿದ್ದೆ, ಬೆಳಿಗ್ಗೆ ರೂಮಿನೋನ ಹಾಲು ಒಡೆದು ನಂಗೆ ಮಂಗಳಾರತಿ ಆಯ್ತು. ಒಂದು ಕಡೆನೂ ತಪ್ಪಿಲ್ಲ, ನಡುನಡುವೆ ಮಕ್ಕಳು ನಗೋಕೆ ಜೋಕೂ ಇಟ್ಟಿದೀನಿ. ನೀನು ಮಾಡಬೇಕಾದ್ದು ಇಷ್ಟೇ: ಫೋನನ್ನ ಸ್ಪೀಕರಿಗೆ ಸೇರಿಸಿ ಒತ್ತಿಬಿಡು. ಪಕ್ಕದಲ್ಲಿ ನಿಂತು ಕೋಲಲ್ಲಿ ಚಿತ್ರ ತೋರಿಸು. ನೀನು ಒಂದೇ ಒಂದು ಮಾತೂ ಆಡೋದು ಬೇಡ! ಇಲಾಖೆಯೋರು ಏನಂತ ತಪ್ಪು ಹಿಡೀತಾರೆ?

ಹ್ಯಾಗಿದೆ? ಕೇಳಿದ ತಕ್ಷಣ ಬರಿ.


ಏಪ್ರಿಲ್ 3
ತಮ್ಮನ ಧ್ವನಿ ಸಂದೇಶ

ಅಕ್ಕಾ, ಕೇಳಿದೆ ಅಂತ ನೀಲಿ ಗುರುತು ಬಂದಿದೆ, ಉತ್ತರ ಇಲ್ಲ. ಧ್ವನಿ ಸರಿಯಿಲ್ವಾ? ಜೋಕು ಜಾಸ್ತಿ ಆಯ್ತಾ? ಬೇಕಾದ್ರೆ ಹಲ್ಲು ಬಿದ್ದೋರ ಜೋಕು ತೆಗೆದು ಮತ್ತೆ ಹೇಳ್ತೀನಿ, ಕಿಟಕಿಗೆ ಬೇಜಾರಾಗಬಹುದು.


ಏಪ್ರಿಲ್ 6
ತಮ್ಮನ ಧ್ವನಿ ಸಂದೇಶ

ಅಮ್ಮನಿಗೆ ಫೋನ್ ಮಾಡಿದ್ದೆ. ನೀನು ಚೆನ್ನಾಗಿದೀಯಂತೆ, ಊಟ ಮಾಡ್ತಿದೀಯಂತೆ, ಹಳೇ ಸೈಕಲ್ಲಿನ ಚಕ್ರ ಬಿಚ್ಚಿ ಹಾಕಿದೀಯಂತೆ. ಹಾಗಾದ್ರೆ ಕೋಪ ನನ್ನ ಮೇಲೇ. ಏನು ಮಾಡಿದೆ ನಾನು? ಸಹಾಯ ಮಾಡಿದ್ದು ತಪ್ಪಾ? ಇಲ್ಲಿ... ಇರಲಿ. ಒಂದು ಅಕ್ಷರ ಬರಿ ಅಕ್ಕಾ. ಬೈದಾದ್ರೂ ಬರಿ.


ಏಪ್ರಿಲ್ 8
ಅಕ್ಕನ ಪತ್ರ

ಪಟಾಕಿ,

ಬೈಯುವುದಿಲ್ಲ. ಬೈಯಲು ಎರಡು ಸಲ ಬರೆದು ಅಳಿಸಿದೆ.

ನಾನು ನಿನಗೆ ತಿಳಿಸದ ಸಂಗತಿಯೊಂದಿದೆ. ಹೋದ ವರ್ಷವೂ ಇಲಾಖೆಯವರು ಬಂದಿದ್ದರು. ಮೊದಲ ವಾಕ್ಯದ ಮೊದಲ ಪದದಲ್ಲೇ ನನ್ನ ಬಾಯಿ ಕಟ್ಟಿತು. ಬಂದವರು ಒಳ್ಳೆಯವರು, ನನ್ನ ಪರವಾಗಿ ಆ ಪದವನ್ನು ತಾವೇ ಹೇಳಿದರು. ಮುಂದಿನದನ್ನೂ ಹೇಳಿದರು. ಸ್ವಲ್ಪ ಹೊತ್ತಿಗೆ ಪಾಠವೆಲ್ಲ ಅವರೇ ಮಾಡಿ ಮುಗಿಸಿ, "ಪಾಪ" ಎಂದು ಹೇಳಿ ಹೋದರು. ಇದು ನನ್ನ ಕೊನೆಯ ಅವಕಾಶ. ಹೀಗಾಗಿ ಹೋದ ತಿಂಗಳ ಕೊನೆಗೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಮಾತಿನ ಭಾಗ ಡ್ರಿಲ್ ಮೇಷ್ಟ್ರು ನೋಡ್ಕೊಳ್ಳಲಿ, ನೀವು ಪ್ರಯೋಗ ಮಾಡಿ ತೋರಿಸಿ" ಎಂದರು. ಬೇಡ ಎಂದೆ. ಬೇಡ ಎನ್ನುವುದಕ್ಕೂ ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಅವರು ಫೈಲು ನೋಡುತ್ತಾ ಕಾದರು. ಆದರೂ ಹೇಳಿದೆ. ಗೆದ್ದೆ ಎಂದುಕೊಂಡು ಮನೆಗೆ ಬಂದರೆ ನಿನ್ನ ಪಾಠ ಕಾಯುತ್ತಿತ್ತು.

ತುಂಬಾ ಚೆನ್ನಾಗಿತ್ತು ಕಣೋ. ಅದೇ ಕಷ್ಟವಾದದ್ದು.

ಚಿಕ್ಕಂದಿನಿಂದ ನನ್ನ ಮಾತಿನೊಳಗೆ ನೀನು ಮೊದಲೇ ನುಗ್ಗುತ್ತಿದ್ದೆ, ಹಗ್ಗದೊಳಗೆ ನುಗ್ಗುತ್ತಿದ್ದ ಹಾಗೆ. ಅಂಗಡಿಯಲ್ಲಿ ನಾನು "ಸ" ಎಂದರೆ ಸಾಕು, "ಸಕ್ಕರೆ ಕೊಡಿ" ಎನ್ನುತ್ತಿದ್ದೆ. ನನಗೆ ಸಾಬೂನು ಬೇಕಾಗಿರುತ್ತಿತ್ತು. ಮನೆಗೆ ಸಕ್ಕರೆ ತರುತ್ತಿದ್ದೆವು. ಆಗ ನನಗೂ ಅದು ಸುಲಭವಾಗಿತ್ತು, ಸುಳ್ಳು ಹೇಳುವುದಿಲ್ಲ.

ಪುಸ್ತಕದ ಭಾಷೆ ಎಂದು ಹಾಸ್ಯ ಮಾಡುತ್ತೀಯ. ತುಟಿ ಮುಚ್ಚಿ ಶುರುಮಾಡಬೇಕಾದ ಪದಗಳೆಲ್ಲ ನನ್ನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ಲೇಡು ಎನ್ನಲಾಗದೆ ಅಲಗು ಎನ್ನುತ್ತೇನೆ. ಎಷ್ಟೋ ವರ್ಷಗಳಿಂದ ಹೀಗೆ ಒಂದು ಪದ ಬಿಟ್ಟು ಇನ್ನೊಂದನ್ನು ಹುಡುಕಿ ಹುಡುಕಿ, ಈಗ ಬರೆಯುವಾಗಲೂ ಅದೇ ಬರುತ್ತದೆ. ನಿನಗೆ ಪಟಾಕಿ ಎಂದು ಹೆಸರಿಟ್ಟವಳು ನಾನೇ, ಸ್ಲೇಟಿನ ಮೇಲೆ ಬರೆದು. ಬಾಯಿಬಿಟ್ಟು ಒಮ್ಮೆಯೂ ನಿನ್ನನ್ನು ಹಾಗೆ ಕರೆದಿಲ್ಲ, ಗಮನಿಸಿದ್ದೀಯಾ? ತಮ್ಮ ಎನ್ನುವುದು ಸುಲಭ.

ಇನ್ನೊಂದು ಮಾತು. ಕೋಪದಿಂದಲ್ಲ. ನಿನ್ನ ಸಂದೇಶಗಳು ದಿನದಿಂದ ದಿನಕ್ಕೆ ಉದ್ದವಾಗುತ್ತಿವೆ. ಟೀ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುವವನು, ದಿನವಿಡೀ ಹರಟುವವನು, ರಾತ್ರಿ ಫ್ರಿಜ್ಜಿಗೆ ಒರಗಿ ಇಷ್ಟೊಂದು ಮಾತಾಡುವುದಿಲ್ಲ. ಮೇಸ್ತ್ರಿ ನಿನಗೆ ಚಿತ್ರ ಬರೆದು ತೋರಿಸಿದ ಎಂದೆ. ಮಾತಿನಲ್ಲಿ ಏಕೆ ಹೇಳಲಿಲ್ಲ? ಅಲ್ಲಿ ನಿನ್ನ ಜೊತೆ ಯಾರು ಮಾತಾಡುತ್ತಾರೆ, ತಮ್ಮಾ?

ಪಾಠ ಹದಿನೈದಕ್ಕೆ. ನಾನೇ ಮಾಡುತ್ತೇನೆ.

ಅಕ್ಕ


ಏಪ್ರಿಲ್ 9
ತಮ್ಮನ ಧ್ವನಿ ಸಂದೇಶ

ಅಕ್ಕಾ.

ನಗು ನೀನು, ಪಟಾಕಿ ಟುಸ್ ಅಂತು.

ಸಾಬೂನು ಅಂತ ಒಂದು ಸಲಾನೂ ನೀನು ಹೇಳಲಿಲ್ಲ ಅಲ್ವಾ. ಅಷ್ಟು ಸಕ್ಕರೆ ತಂದ್ವಲ್ಲ.

ಸರಿ, ನಿಜ ಹೇಳ್ತೀನಿ. ಇಲ್ಲಿ ಯಾರೂ ನನ್ನ ಜೋಕಿಗೆ ನಗಲ್ಲ, ಯಾಕಂದ್ರೆ ನಾನು ಹೇಳೇ ಇಲ್ಲ. ಇವರ ಭಾಷೆ ನಂಗೆ ಅರ್ಥ ಆಗತ್ತೆ, ಓದ್ತೀನಿ, ಆದ್ರೆ ಬಾಯಿಗೆ ಬರೋಕೆ ಹೊತ್ತು ಹಿಡಿಯತ್ತೆ. ತಲೇಲಿ ವಾಕ್ಯ ಜೋಡಿಸಿ, ತಿರುಗಿಸಿ ನೋಡಿ, ಬಾಯಿ ತೆಗೆಯೋ ಹೊತ್ತಿಗೆ ಅವರು ಬೇರೆ ವಿಷಯಕ್ಕೆ ಹೋಗಿರ್ತಾರೆ. ಮೇಸ್ತ್ರಿ ಒಳ್ಳೇನು. ಅದೇ ತೊಂದರೆ. ನಾನು ಎರಡು ಪದ ಹೇಳೋಷ್ಟರಲ್ಲಿ ಮಿಕ್ಕಿದ್ದು ತಾನೇ ಮುಗಿಸ್ತಾನೆ, ಯಾವಾಗಲೂ ತಪ್ಪಾಗಿ. ಒಂದು ದಿನ "ನಂಗೆ ಒಂದು ಸಣ್ಣ..." ಅಂದೆ. ಸ್ಪ್ಯಾನರ್ ಕೇಳೋಕೆ ಹೋಗಿದ್ದು. "ಸಣ್ಣ ಬಿಡುವು ಬೇಕಾ? ಹೋಗು ಹೋಗು" ಅಂತ ಬೆನ್ನು ತಟ್ಟಿ ಆಚೆ ಕಳಿಸಿದ. ಅಲ್ಲ ಅನ್ನೋಕೂ ಬರಲಿಲ್ಲ. ಆ ಚಳೀಲಿ ಅಂಗಳದಲ್ಲಿ ಹೋಗಿ ನಿಂತೆ, ಬಿಡುವು ತಗೊಂಡೆ. ಒಳಗೆ ಬಂದು ಅದೇ ದೊಡ್ಡ ಸ್ಪ್ಯಾನರಲ್ಲಿ ಕೆಲಸ ಮಾಡಿದೆ.

ಅವತ್ತು ನಿನ್ನ ನೆನಪು ಬರಬೇಕಿತ್ತು. ಬರಲಿಲ್ಲ ನೋಡು. ಅದೇ ವಾರ ನಿಂಗೆ ಪಾಠ ರೆಕಾರ್ಡ್ ಮಾಡಿ ಕಳಿಸಿದೆ.

ಲ್ಯಾಂಪು ಇನ್ನೂ ಬ್ಲೇಡಿಗೇ ಬೀಳ್ತಿದೆ. ಕ್ಯಾಮ್ ಚಕ್ರಾನ ಅದನ್ನ ತಿರುಗಿಸೋ ಗೇರಿನ ಒಂದು ಹಲ್ಲು ಹಿಂದೆ ಕೂರಿಸಿದಾರೆ ಅಂತ ನಂಗನ್ಸತ್ತೆ. ಹೇಳೋಕೆ ಹೋದಾಗಲೆಲ್ಲ ಮೇಸ್ತ್ರಿ "ಹಸಿವಾ?" ಅಂತಾನೆ.

ಆ ರೆಕಾರ್ಡ್ ಅಳಿಸಿಬಿಡು. ಹದಿನೈದಕ್ಕೆ ಏನೂ ಸಲಹೆ ಕೊಡಲ್ಲ. ತುಂಬಾ ಕಷ್ಟ ಆಗ್ತಿದೆ ಕಣೇ ಸುಮ್ನಿರೋದು, ಆದ್ರೂ ಇರ್ತೀನಿ.


ಏಪ್ರಿಲ್ 17
ಅಕ್ಕನ ಪತ್ರ

ಪ್ರೀತಿಯ ಪಟಾಕಿಗೆ,

ಮೊದಲು ನಿನ್ನ ಪತ್ತೇದಾರಿಕೆಗೆ ಉತ್ತರ: ಹೌದು, ಸೈಕಲ್ ಚಕ್ರ ಪಾಠಕ್ಕೇ. ಅಮ್ಮ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಚಕ್ರವನ್ನು ಮೇಜಿನ ತುದಿಗೆ ನಿಲ್ಲಿಸಿ ಕಟ್ಟಿದೆ, ಅದಕ್ಕೆ ಎದುರುಬದುರಾಗಿ, ಅಂಚಿನಿಂದ ಆಚೆಗೆ ಚಾಚುವಂತೆ ಎರಡು ರಟ್ಟಿನ ಅಲಗು. ಆಚೆ ಬದಿ ಕುರ್ಚಿಯ ಮೇಲೆ ಕಸದ ಬುಟ್ಟಿ. ಈಚೆ ಬದಿ ಕಿಟಕಿ, ಕೈತುಂಬ ಕಾಗದದ ಉಂಡೆ. ಅವಳೇ ಗನ್ನು. ಮನಸ್ಸಿಗೆ ಬಂದಾಗ ಎಸೆ ಎಂದೆ. ಎಸೆದದ್ದೆಲ್ಲ ರಟ್ಟಿಗೆ ಬಡಿದು ಹಾರಿತು, ಒಂದು ಹೋಗಿ ಇಲಾಖೆಯ ಹೆಂಗಸಿನ ಮಡಿಲಿಗೆ ಬಿತ್ತು. ಈ ಸಲ ಬಂದವರು ಬೇರೆಯವರು, ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು ನೋಡುವವರು. ನಗಲಿಲ್ಲ. ಉಂಡೆಯನ್ನು ಪೆನ್ನಿನ ಪಕ್ಕದಲ್ಲಿ ಇಟ್ಟುಕೊಂಡರು.

ಆಮೇಲೆ ಚಕ್ರದ ಕಡ್ಡಿಗೆ ಒಂದು ಗಟ್ಟಿ ರಟ್ಟಿನ ತುಂಡು ಸಿಕ್ಕಿಸಿದೆ, ಅದು ಸುತ್ತಿ ಬಂದಾಗ ಮೇಜಿಗೆ ಬಡಿದು ಟಕ್ ಎನ್ನುವ ಹಾಗೆ. ಟಕ್ ಎಂದಾಗ ಮಾತ್ರ ಎಸೆಯಬೇಕು. ಆದರೂ ರಟ್ಟಿಗೇ ಬಡಿಯಿತು! ಮಕ್ಕಳು ಪೆಚ್ಚಾದರು. ನಾನು ಚಕ್ರವನ್ನು ಮತ್ತೆ ತಿರುಗಿಸಿದೆ. ಕಿಟಕಿ ತನ್ನ ಕೈಯನ್ನೇ ನೋಡಿಕೊಂಡು, "ಮಿಸ್, ಟಕ್ ಅಂದಿದ್ದು ಕೇಳಿ ನಾನು ಎಸೆಯೋ ಹೊತ್ತಿಗೆ ಇನ್ನೊಂದು ರಟ್ಟು ಬಂದುಬಿಡತ್ತೆ. ಟಕ್ಕನ್ನೇ ಮುಂಚೆ ಇಡಿ" ಎಂದಳು. ನಿನ್ನ ಉಬ್ಬಿನ ಗುಟ್ಟನ್ನು ಅವಳೇ ಕಂಡುಹಿಡಿದಳು. ತುಂಡನ್ನು ಸರಿಸಿದೆವು. ಉಂಡೆ ಅಲಗಿನ ಬೆನ್ನ ಹಿಂದೆಯೇ ಹಾಯ್ದು ಬುಟ್ಟಿಗೆ. ಮತ್ತೊಂದು. ಮಗದೊಂದು. ತರಗತಿಯಲ್ಲಿ ಗದ್ದಲವೋ ಗದ್ದಲ.

ಈಗ ನಾನು ಮಾತಾಡಬೇಕಿತ್ತು. ಇದೆಲ್ಲ ನಿಜವಾದ ವಿಮಾನದಲ್ಲಿ ಹೇಗೆ ಎಂದು. ಅಲಗು, ಚಕ್ರ ಎಂದು ಸುಲಭದ ದಾರಿ ಹಿಡಿಯಬಹುದಿತ್ತು. ಆ ದಿನ ಬೇಡವೆನ್ನಿಸಿತು. ಪ್ರೊಪೆಲ್ಲರ್ ಎಂದೇ ಹೇಳುತ್ತೇನೆ ಎಂದು ಬಾಯಿ ತೆಗೆದೆ. ಕಟ್ಟಿತು. ತುಟಿ ಕೂಡಿದ್ದು ಬಿಡಲೇ ಇಲ್ಲ. ಗದ್ದಲ ನಿಂತು ತರಗತಿ ತಣ್ಣಗಾಯಿತು. ಇಲಾಖೆಯವರ ಪೆನ್ನೂ ನಿಂತಿತು. ಹೋದ ವರ್ಷದ ಹಾಗೆ ಈಗ ಇವರು ಹೇಳಿಬಿಡುತ್ತಾರೆ ಎಂದು ಕಾದೆ. ಹೇಳಲಿಲ್ಲ. ನಾನು ತಳ್ಳುವುದನ್ನು ಬಿಟ್ಟೆ. ನಿನ್ನ ಪೈಲಟ್ಟಿನ ಹಾಗೆ ಹಿಡಿ ಒತ್ತಿ ಹಿಡಿದು ಕಾಯುವುದಷ್ಟೇ ನನ್ನ ಕೆಲಸ ಎಂದುಕೊಂಡೆ. ಆಗ ಕಿಟಕಿ, ತುಂಬ ಗಂಭೀರವಾಗಿ, "ಟಕ್!" ಎಂದಳು.

ಇಡೀ ತರಗತಿ ನಕ್ಕಿತು. ನನಗೂ ತಡೆಯಲಾಗಲಿಲ್ಲ, ಜೋರಾಗಿ ನಕ್ಕೆ. ನಗುವಿನ ನಡುವೆ ಎಲ್ಲೋ ಪ್ರೊಪೆಲ್ಲರ್ ಬಂದು ಹೋಯಿತು.

ಆಮೇಲೂ ಎಷ್ಟೋ ಸಲ ಕಟ್ಟಿತು. ಮಕ್ಕಳು ಕಾದರು. ಅವರಿಗೆ ಆಗಲೇ ಕಾಯುವ ಆಟ ಬಂದಿತ್ತು.

ಇಂದು ವರದಿ ಬಂತು. "ಪಾಠ ನಿಧಾನ. ಗಂಟೆ ಹೊಡೆದ ಮೇಲೂ ಮಕ್ಕಳು ಏಳಲಿಲ್ಲ. ಖಾಯಂ ಮಾಡಬಹುದು." ಇಷ್ಟೇ. ಅಮ್ಮನಿಗೆ ಓದಿ ಹೇಳಿದಾಗ, "ನಿಧಾನ ಅಂತ ಬೇರೆ ಯಾಕೆ ಬರೀಬೇಕಿತ್ತು?" ಎಂದು ಜಗಳಕ್ಕೇ ನಿಂತಳು. ನನಗೆ ಅದೇ ಪದ ಇಷ್ಟವಾಯಿತು.

ನಿನ್ನ ರೆಕಾರ್ಡ್ ಅಳಿಸಿಲ್ಲ. ಪಾಠಕ್ಕಲ್ಲ. ನಿನ್ನ ಜೋಕುಗಳಿಗೆ ಒಬ್ಬಳಾದರೂ ನಗಬೇಕಲ್ಲ, ಅದಕ್ಕೆ.

ಈ ಪತ್ರದ ಹಿಂದೆಯೇ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದೇನೆ. ಚಿಕ್ಕದು. ಜಾಸ್ತಿ ವೇಗದಲ್ಲಿ ಓಡಿಸಿ ಕೇಳಬೇಡ.

ಅಕ್ಕ


ಏಪ್ರಿಲ್ 19
ತಮ್ಮನ ಧ್ವನಿ ಸಂದೇಶ

ಖಾಯಂ! ಮೊದಲು ಅದು. ಖಾಯಂ ಖಾಯಂ ಖಾಯಂ! ರೂಮಿನೋರಿಬ್ಬರೂ ಎದ್ದು ಬಂದ್ರು, ಯಾರಿಗೇನಾಯ್ತು ಅಂತ. ಕಿಟಕಿಗೆ ನಾನೊಂದು ವಿಮಾನ ಕಳಿಸ್ತೀನಿ, ಆಟಿಕೆದು, ಬ್ಲೇಡು ತಿರುಗೋಂಥದ್ದು.

ನಿನ್ನ ಸಂದೇಶಾನ ರಾತ್ರಿ ಕೇಳಲಿಲ್ಲ. ಹಾಗೇ ಇಟ್ಕೊಂಡು ಮಲಗಿದೆ. ಕೇಳೋಕೆ ಭಯ ಅಂತಲ್ಲ, ಸ್ವಲ್ಪ ಭಯ.

ಬೆಳಿಗ್ಗೆ ವರ್ಕ್‌ಶಾಪಿಗೆ ಹೋದೆ. ಮೇಸ್ತ್ರಿ ಲ್ಯಾಂಪಿನ ಮುಂದೆ ಮಂಡಿಯೂರಿ ಕೂತಿದ್ದ. "ಕ್ಯಾಮ್ ಚಕ್ರ..." ಅಂದೆ. "ತೊಳೆಯೋಕೆ ತಗೊಂಡು ಹೋಗ್ತೀಯಾ?" ಅಂದ. ನಾನು ಕೈ ಎತ್ತಿ "ತಡಿ" ಅಂದೆ ಅವರ ಭಾಷೇಲಿ. ಅಕ್ಕಾ, ಆ ಒಂದು ಪದಾನ ಇಷ್ಟು ದಿನ ಇಲ್ಲಿ ಯಾರಿಗೂ ಹೇಳಿರಲಿಲ್ಲ ನಾನು! ಅವನು ಬಾಯಿ ತೆರೆದವನು ಹಾಗೇ ನಿಂತ. ನಾನು ಪದ ಹುಡುಕಿ ಹುಡುಕಿ, ಹಲ್ಲು, ಹಿಂದೆ, ಒಂದು, ಅಂತ ಜೋಡಿಸಿದೆ. ನನ್ನ ಮಾತು ಅರ್ಧ ಸರಿ, ಅರ್ಧ ತಪ್ಪು. ಹಲ್ಲು ಹಿಂದೆ ಕೂತಿದ್ದು ನಿಜ, ಆದ್ರೆ ಕಡ್ಡಿಯ ಕೀಲೂ ಸವೆದು ಸಡಿಲ ಆಗಿತ್ತು, ಅದು ಅವನಿಗೆ ಗೊತ್ತಿತ್ತು. ಎರಡನ್ನೂ ಸರಿಮಾಡಿದ್ವಿ. ಪ್ರೊಪೆಲ್ಲರಿಗೆ ಮೋಟರ್ ಹಾಕಿ ವರ್ಕ್‌ಶಾಪಿನ ದೀಪ ಆರಿಸಿದ. ಪಳ್ ಪಳ್ ಅಂತ ಬೆಳಕು ಸೀದಾ ಆಚೆ ಗೋಡೆಗೆ. ಮತ್ತೆ ಕೇಳು, ಪ್ರತಿ ಸಲ ಮಿಂಚೋವಾಗ ಬ್ಲೇಡು ಅದೇ ಜಾಗದಲ್ಲಿ ಇರತ್ತಲ್ಲ, ಅದಕ್ಕೆ ಅಷ್ಟು ಜೋರಾಗಿ ತಿರುಗ್ತಿರೋ ಪ್ರೊಪೆಲ್ಲರ್ ಕಣ್ಣಿಗೆ ನಿಂತೇ ಬಿಟ್ಟ ಹಾಗೆ ಕಾಣತ್ತೆ. ಕೈಗೆ ಗಾಳಿ ಹೊಡೀತಿದೆ, ಕಣ್ಣಿಗೆ ಪ್ರೊಪೆಲ್ಲರ್ ಸುಮ್ನೆ ಅಡ್ಡಡ್ಡ ಮಲಗಿದೆ.

ಆಮೇಲೆ ಟೀಗೆ ಕೂತಾಗ ಫೋನ್ ತೆಗೆದೆ. ಅಕ್ಕನದ್ದು ಅಂದೆ. ಮೇಸ್ತ್ರಿ ತನ್ನ ಕಪ್ ಹಿಡ್ಕೊಂಡು ಪಕ್ಕದಲ್ಲೇ ಬಂದು ಕೂತ. ಅವನಿಗೆ ನಮ್ಮ ಭಾಷೆ ಒಂದಕ್ಷರ ಬರಲ್ಲ. ಒತ್ತಿದೆ.

ನಿನ್ನ ಉಸಿರು ಕೇಳಿಸ್ತು. ಆಮೇಲೆ ಏನೂ ಇಲ್ಲ. ಹಿಂದೆ ಅಮ್ಮ ಪಾತ್ರೆ ಜೋಡಿಸೋ ಸದ್ದು. ಮತ್ತೂ ಏನೂ ಇಲ್ಲ. ಮೇಸ್ತ್ರಿ ಫೋನು ಕೆಟ್ಟಿದೆ ಅಂದ್ಕೊಂಡು ತಟ್ಟೋಕೆ ಬೆರಳು ಚಾಚಿದ. ನಾನು ಅವನ ಕೈ ಹಿಡ್ಕೊಂಡೆ. ಬಿಡಲಿಲ್ಲ. ನಂಗೆ ಗೊತ್ತಿತ್ತು ನೀನು ಏನು ಹೇಳೋಕೆ ಹೊರಟಿದೀಯ ಅಂತ. ನಾಲಿಗೆ ತುದೀಲೇ ಇತ್ತು. ಮನಸ್ಸಿನೊಳಗೂ ಮುಗಿಸಲಿಲ್ಲ ಕಣೇ, ಆಣೆ ಮಾಡಿ ಹೇಳ್ತೀನಿ. ಇಬ್ಬರೂ ಹಾಗೇ ಕೈ ಹಿಡ್ಕೊಂಡು ಕೂತಿದ್ವಿ, ಟೀ ಆರ್ತಿತ್ತು.

ಆಮೇಲೆ ನೀನು ಅಂದೆ, ಸ್ಲೇಟಿನ ಮೇಲೆ ಬರೆದಿದ್ದನ್ನ, ಬಾಯಿಬಿಟ್ಟು.

ಮೇಸ್ತ್ರಿ ನನ್ನ ಮುಖ ನೋಡಿದ. ಯಾವತ್ತಿನ ಹಾಗೆ ತಾನೇ ಮುಗಿಸೋಕೆ ಬರಲಿಲ್ಲ, ಕಾದ. ಆಮೇಲೆ ಮೆಲ್ಲಗೆ ಕೇಳಿದ, ಏನಂದಳು ನಿಮ್ಮಕ್ಕ ಅಂತ.

"ನನ್ನ ಹೆಸರು" ಅಂದೆ.